ಪಿಯುಸಿಯಿಂದ ಎಂಐಟಿಗೆ: ಅರ್ಜಿ ಹಾಕುವವರಿಗೆ ಒಂಬತ್ತು ಸೂತ್ರಗಳು

ಅಮೆರಿಕದ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪ್ರತ್ಯೇಕ ಪ್ರವೇಶ ಪರೀಕ್ಷೆ ಇಲ್ಲ, ರ‍್ಯಾಂಕ್ ಪಟ್ಟಿ ಇಲ್ಲ, ಕಟ್-ಆಫ್ ಇಲ್ಲ, ಮ್ಯಾನೇಜ್‌ಮೆಂಟ್ ಸೀಟೂ ಇಲ್ಲ. ಅರ್ಜಿ ಹಾಕಿದ ನೂರು ಮಂದಿಯಲ್ಲಿ ನಾಲ್ಕೈದು ಜನರಿಗೆ ಸೀಟು ಸಿಗುತ್ತದೆ. ವಿದೇಶಿ ವಿದ್ಯಾರ್ಥಿಗಳನ್ನಷ್ಟೇ ತೆಗೆದುಕೊಂಡರೆ ನೂರಕ್ಕೆ ಇಬ್ಬರ ಆಸುಪಾಸು. ಸಿಇಟಿ, ಜೆಇಇ ಲೆಕ್ಕದಲ್ಲೇ ಬೆಳೆದ ನಮ್ಮ ಮಕ್ಕಳು ಈ ಅರ್ಜಿಯನ್ನೂ ಇನ್ನೊಂದು ಪರೀಕ್ಷೆಯೆಂದೇ ತಿಳಿಯುತ್ತಾರೆ. ಆದರೆ ಅಲ್ಲಿ ಅರ್ಜಿ ಓದುವವರಿಗೆ ಬೇಕಾಗಿರುವುದು ನೀವು ಏನು ಮಾಡಿದ್ದೀರಿ, ಯಾಕೆ ಮಾಡಿದ್ದೀರಿ ಎಂಬುದು.

1. ಖರ್ಚಿಗೆ ಹೆದರಿ ಅರ್ಜಿಯನ್ನೇ ಕೈಬಿಡಬೇಡಿ. 2024–25ರಲ್ಲಿ ಅಲ್ಲಿಯ ಒಂದು ವರ್ಷದ ಒಟ್ಟು ವೆಚ್ಚ 85 ಸಾವಿರ ಡಾಲರ್ ದಾಟಿತ್ತು. ಅಷ್ಟು ಕೇಳಿದೊಡನೆ ಮನೆಯಲ್ಲಿ ಮಾತು ಮುಗಿದುಹೋಗುತ್ತದೆ. ಆದರೆ ಸೀಟು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಎಂಐಟಿ ಮನೆಯ ಹಣಕಾಸನ್ನು ನೋಡುವುದಿಲ್ಲ, ಭಾರತದಿಂದ ಬಂದ ಅರ್ಜಿಯಾದರೂ ಸರಿ. ಸೀಟು ಕೊಟ್ಟ ಮೇಲೆ, ಕುಟುಂಬಕ್ಕೆ ಭರಿಸಲಾಗದ ಪಾಲನ್ನು ತಾನೇ ತುಂಬುತ್ತದೆ. ಅಂಕ ನೋಡಿ ಕೊಡುವ ವಿದ್ಯಾರ್ಥಿವೇತನ ಅಲ್ಲಿಲ್ಲ, ಅಗತ್ಯ ನೋಡಿ ಕೊಡುವುದಷ್ಟೇ. ಎಲ್ಲ ಕಡೆಯೂ ಹೀಗೆಯೇ ಎಂದುಕೊಳ್ಳಬೇಡಿ. ಕ್ಯಾಲ್‌ಟೆಕ್, ಸ್ಟ್ಯಾನ್‌ಫರ್ಡ್‌ನಂಥ ಕಡೆ ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದರೆ ಅದೂ ತೀರ್ಮಾನದಲ್ಲಿ ಲೆಕ್ಕಕ್ಕೆ ಬರುತ್ತದೆ.

ನೆರವಿಗಾಗಿ ಸಿಎಸ್‌ಎಸ್ ಪ್ರೊಫೈಲ್ ಎಂಬ ಬೇರೆಯೇ ಅರ್ಜಿ ತುಂಬಬೇಕು, ಆದಾಯದ ದಾಖಲೆ ಕೊಡಬೇಕು. ಸಂಬಳದ ಮನೆಯಾದರೆ ಫಾರ್ಮ್ 16, ಐಟಿ ರಿಟರ್ನ್ ಇರುತ್ತವೆ. ಬೇಸಾಯದ ಮನೆಯಲ್ಲಿ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ, ಕೃಷಿ ಆದಾಯಕ್ಕೆ ನಮ್ಮಲ್ಲಿ ತೆರಿಗೆಯಿಲ್ಲವಲ್ಲ. ಅಂಥವರು ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್‌ಗಳನ್ನು ಇಂಗ್ಲಿಷ್ ಅನುವಾದದ ಸಮೇತ ಮೊದಲೇ ಜೋಡಿಸಿಡಿ. ಪರಿಸ್ಥಿತಿ ವಿವರಿಸುವ ಒಂದು ಪುಟದ ಪತ್ರವನ್ನೂ ಬರೆದಿಟ್ಟುಕೊಳ್ಳಿ.

2. ಮೊದಲ ಪಿಯು ಮುಗಿದ ಬೇಸಿಗೆಯಲ್ಲೇ ನಿರ್ಧರಿಸಿ. ಮೊದಲ ಸುತ್ತಿನ ಅರ್ಜಿಗೆ ನವೆಂಬರ್ 1 ಕೊನೆಯ ದಿನ, ಎರಡನೆಯದಕ್ಕೆ ಜನವರಿಯ ಮೊದಲ ವಾರ. ಮೊದಲ ಸುತ್ತಿನಲ್ಲಿ ಸೀಟು ಸಿಕ್ಕರೂ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಇಲ್ಲಿ ನಡೆಯುವುದಿಲ್ಲ, ಎಂಐಟಿಯದೇ ಜಾಲತಾಣದಲ್ಲಿ ಅರ್ಜಿ ತುಂಬಬೇಕು. 75 ಡಾಲರ್ ಶುಲ್ಕ ಕಟ್ಟುವುದು ಕಷ್ಟವಾದರೆ ವಿನಾಯಿತಿ ಕೇಳಿ, ಸಂಕೋಚ ಬೇಡ. ಪಾಸ್‌ಪೋರ್ಟ್ ಈಗಲೇ ಮಾಡಿಸಿ.

3. ಎಸ್‌ಎಟಿ ತಪ್ಪಿಸಲಾಗದು. ಕೋವಿಡ್ ಕಾಲದಲ್ಲಿ ಕೈಬಿಟ್ಟಿದ್ದ ಈ ನಿಯಮವನ್ನು 2022ರ ಮಾರ್ಚ್‌ನಲ್ಲಿ ಎಂಐಟಿ ಮತ್ತೆ ತಂದಿತು. ಬೇಕಿದ್ದರೆ ಅದರ ಬದಲು ಎಸಿಟಿ ಪರೀಕ್ಷೆ ಬರೆಯಬಹುದು. ಎಸ್‌ಎಟಿ ಈಗ ಕಂಪ್ಯೂಟರಿನಲ್ಲಿ, 2 ಗಂಟೆ 14 ನಿಮಿಷ, 1600 ಅಂಕ. ಗಣಿತದ ಮಟ್ಟ ಪಿಯು ವಿಜ್ಞಾನದವರಿಗೆ ಸುಲಭ. ಕೈಕೊಡುವುದು ಇಂಗ್ಲಿಷ್ ಭಾಗ, ಅದಕ್ಕೇ ಹೆಚ್ಚು ಸಮಯ ಕೊಡಿ. ಖಾನ್ ಅಕಾಡೆಮಿಯಲ್ಲಿ ಅಭ್ಯಾಸ ಉಚಿತ, ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳಿವೆ. ಇದಕ್ಕೆ ಕೋಚಿಂಗ್ ಬೇಕಿಲ್ಲ. ಒಳ್ಳೆಯ ಅಂಕ ಬಂದ ಮೇಲೆ ಇನ್ನೂ ಹತ್ತಿಪ್ಪತ್ತು ಅಂಕಕ್ಕಾಗಿ ಮತ್ತೆ ಮತ್ತೆ ಬರೆಯುತ್ತ ಕೂರಬೇಡಿ.

4. ಕನ್ನಡ ಮೇಷ್ಟ್ರನ್ನು ಮರೆಯಬೇಡಿ. ಇಬ್ಬರು ಅಧ್ಯಾಪಕರ ಪತ್ರ ಬೇಕು. ಒಬ್ಬರು ಗಣಿತ ಅಥವಾ ವಿಜ್ಞಾನದವರು, ಇನ್ನೊಬ್ಬರು ಭಾಷೆ ಅಥವಾ ಸಮಾಜ ವಿಜ್ಞಾನ ವಿಷಯದವರು. ನಮ್ಮ ವಿಜ್ಞಾನ ವಿಭಾಗಗಳಲ್ಲಿ ಭಾಷಾ ತರಗತಿಯನ್ನು ಮಕ್ಕಳು ಲೆಕ್ಕಕ್ಕೇ ಇಡುವುದಿಲ್ಲ. ಕೆಲವು ಕಾಲೇಜುಗಳಂತೂ ಆ ಪೀರಿಯಡ್ಡನ್ನು ಜೆಇಇಗೆ ಬಿಟ್ಟುಕೊಡುತ್ತವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ನಿಮ್ಮ ಯೋಚನೆಯ ರೀತಿ, ಪ್ರಶ್ನೆ ಕೇಳುವ ಧೈರ್ಯ, ಒಪ್ಪದ ಮಾತಿಗೆ ಎದುರು ಮಾತಾಡುವ ಬಗೆ ಇವೆಲ್ಲ ಕಾಣುವುದು ಆ ಕೊಠಡಿಯಲ್ಲೇ. ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಕೆಯಿದ್ದರೆ ಕನ್ನಡದಲ್ಲೇ ಬರೆಯಲಿ, ಇಂಗ್ಲಿಷ್ ಅನುವಾದ ಜೊತೆಗಿಟ್ಟರಾಯಿತು.

ನೂರು ಜನರ ಸೆಕ್ಷನ್ನಿನಲ್ಲಿ ಉಪನ್ಯಾಸಕರಿಗೆ ನಿಮ್ಮ ಹೆಸರು ಗೊತ್ತಿಲ್ಲದಿರಬಹುದು. ಜೂನ್‌ನಲ್ಲೇ ಹೋಗಿ, “ಸರ್, ನಿಮ್ಮಿಂದ ಒಂದು ಪತ್ರ ಬೇಕಿತ್ತು” ಎಂದು ಕೇಳಿ. ಅವರ ತರಗತಿಯಲ್ಲಿ ನೀವು ಮಾಡಿದ ಕೆಲಸ, ಕೇಳಿದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ನೆನಪಿಸಿ ಕೊಡಿ. “ಒಳ್ಳೆಯ ನಡತೆಯ, ಶಿಸ್ತಿನ ವಿದ್ಯಾರ್ಥಿ” ಎಂಬ ಸಾಲು ಎಲ್ಲರ ಪತ್ರದಲ್ಲೂ ಇರುತ್ತದೆ. ಒಂದು ನಡೆದ ಘಟನೆ ಬರೆಯಲು ವಿನಂತಿಸಿ. ಅಮೆರಿಕದಲ್ಲಿ ಶಾಲಾ ವರದಿ ತುಂಬುವ ಕೌನ್ಸೆಲರ್ ನಮ್ಮಲ್ಲಿ ಇರುವುದಿಲ್ಲ, ಆ ಕೆಲಸ ಪ್ರಿನ್ಸಿಪಾಲರದು. ಒಂಬತ್ತನೇ ತರಗತಿಯಿಂದ ಅಂಕಪಟ್ಟಿಗಳು ಬೇಕೆಂಬುದನ್ನೂ ಅವರಿಗೆ ತಿಳಿಸಿ.

5. ಸರ್ಟಿಫಿಕೇಟ್ ಗುಡ್ಡೆ ಹಾಕಬೇಡಿ. ಚಟುವಟಿಕೆಗಳಿಗೆ ಅರ್ಜಿಯಲ್ಲಿ ನಾಲ್ಕೇ ಜಾಗ. ಮನಸ್ಸಿಟ್ಟು ಮಾಡಿದ ನಾಲ್ಕು ಕೆಲಸ ಸಾಕು. ಅಂಗಡಿಯಲ್ಲಿ ಅಮ್ಮನಿಗೆ ನೆರವಾಗುವುದು, ತಮ್ಮನಿಗೆ ಪಾಠ ಹೇಳುವುದು, ಯಕ್ಷಗಾನದ ಮೇಳದಲ್ಲಿ ಚೆಂಡೆ ಬಾರಿಸುವುದು, ಎಲ್ಲವೂ ಚಟುವಟಿಕೆಯೇ.

6. ನಿಮ್ಮ ಊರಿನ ಕೆಲಸವನ್ನು ವಿವರವಾಗಿ ಬರೆಯಿರಿ. ದೊಡ್ಡ ಪ್ರಬಂಧವಿಲ್ಲ, ಕೆಲವು ಪುಟ್ಟ ಪ್ರಶ್ನೆಗಳು, ಒಂದೊಂದಕ್ಕೆ ನೂರಿನ್ನೂರು ಪದ. “ಚಿಕ್ಕಂದಿನಿಂದ ನನಗೆ ತಂತ್ರಜ್ಞಾನವೆಂದರೆ ಒಲವು” ಎಂದು ಶುರುಮಾಡಿದರೆ ಅಲ್ಲೇ ಒಂದಷ್ಟು ಪದ ವ್ಯರ್ಥ. ಪಂಪ್‌ಸೆಟ್ಟಿಗೆ ತ್ರೀ-ಫೇಸ್ ಕರೆಂಟು ರಾತ್ರಿ ಬರುತ್ತದೆ, ಅಪ್ಪ ನಿದ್ದೆಗೆಟ್ಟು ಮೋಟರ್ ಹಾಕಲು ಹೋಗುತ್ತಾರೆ ಎಂದುಕೊಳ್ಳಿ. ಅದನ್ನು ನೋಡಲಾರದೆ ಹಳೇ ಮೊಬೈಲಿಗೆ ರಿಲೇ ಜೋಡಿಸಿ, ಮಿಸ್ಡ್ ಕಾಲ್ ಕೊಟ್ಟರೆ ಸ್ಟಾರ್ಟರ್ ಚಾಲೂ ಆಗುವಂತೆ ಮಾಡಿದ ಹುಡುಗಿ ಬರೆಯಬೇಕಾದ್ದು ಅದನ್ನೇ. ಮೊದಲ ರಿಲೇ ಯಾಕೆ ಸುಟ್ಟಿತು, ಬಾವಿಯಲ್ಲಿ ನೀರಿಲ್ಲದಾಗ ಮೋಟರ್ ನಿಲ್ಲಿಸುವುದು ಹೇಗೆಂದು ಯಾರನ್ನು ಕೇಳಿದಳು, ಪಕ್ಕದ ತೋಟದವರಿಗೆ ಮಾಡಿಕೊಡುವಾಗ ಏನು ಬದಲಾಯಿಸಿದಳು? ಇಂಥ ಸಾಧನವನ್ನು ಪೇಟೆಯಲ್ಲಿ ಮಾರುತ್ತಾರಲ್ಲ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ತಾನೇ ಕೈಯಾರೆ ಮಾಡಿ ಕಲಿತದ್ದಕ್ಕೆ ಅಲ್ಲಿ ಬೆಲೆಯಿದೆ. ತಯಾರಿಸಿದ ವಸ್ತುಗಳನ್ನು ತೋರಿಸಲೆಂದೇ ಮೇಕರ್ ಪೋರ್ಟ್‌ಫೋಲಿಯೊ ಎಂಬ ವಿಭಾಗವೂ ಇದೆ. ಕೆಟ್ಟುಹೋದ ಮೊದಲ ಮಾದರಿಯ ಫೋಟೋವನ್ನೂ ಅದರಲ್ಲಿ ಹಾಕಿ.

7. ಬರೆದುಕೊಡುವವರ ಹತ್ತಿರ ಹೋಗಬೇಡಿ. ಲಕ್ಷಗಟ್ಟಲೆ ತೆಗೆದುಕೊಂಡು ಪ್ರಬಂಧ ಬರೆದುಕೊಡುವ, ಇಲ್ಲದ ಸಾಧನೆ ಸೇರಿಸುವ ಏಜೆಂಟರಿದ್ದಾರೆ. ಸುಳ್ಳಿನ ವಿಷಯದಲ್ಲಿ ಎಂಐಟಿ ಎಷ್ಟು ಕಟ್ಟುನಿಟ್ಟೆಂದರೆ, 2007ರಲ್ಲಿ ಪ್ರವೇಶ ವಿಭಾಗದ ಡೀನ್ ಮ್ಯಾರಿಲೀ ಜೋನ್ಸ್ ಅವರೇ ಹುದ್ದೆ ಬಿಡಬೇಕಾಯಿತು. ಅದಕ್ಕೂ 28 ವರ್ಷಗಳ ಹಿಂದೆ ಕೆಲಸಕ್ಕೆ ಸೇರುವಾಗ ಇಲ್ಲದ ಪದವಿಗಳನ್ನು ಇವೆಯೆಂದು ಬರೆದಿದ್ದರು. ಜನಪ್ರಿಯತೆಯಾಗಲಿ ಸೇವಾವಧಿಯಾಗಲಿ ಅವರನ್ನು ಉಳಿಸಲಿಲ್ಲ.

8. ಸಂದರ್ಶನ ಬಂದರೆ ಒಪ್ಪಿಕೊಳ್ಳಿ. ನಡೆಸುವವರು ಅಲ್ಲಿ ಓದಿ ಬಂದ ಹಳೆಯ ವಿದ್ಯಾರ್ಥಿಗಳು, ಈಗ ಹೆಚ್ಚಾಗಿ ವಿಡಿಯೋ ಕರೆಯಲ್ಲಿ. ಕಂಠಪಾಠ ಮಾಡಿದ ಉತ್ತರ ಬೇಡ. ಇಷ್ಟದ ಕೆಲಸದ ಬಗ್ಗೆ ಮಾತಾಡಿ, ನಿಮ್ಮಲ್ಲಿರುವ ಪ್ರಶ್ನೆ ಕೇಳಿ. ಉಚ್ಚಾರಣೆಯ ಚಿಂತೆ ಬಿಟ್ಟುಬಿಡಿ.

9. ಊರಿನ ದಾರಿ ಮುಚ್ಚಿಕೊಳ್ಳಬೇಡಿ. ನೂರರಲ್ಲಿ ತೊಂಬತ್ತೆಂಟು ಮಂದಿಗೆ ಸೀಟು ಸಿಗುವುದಿಲ್ಲ, ಅವರಲ್ಲಿ ಎಷ್ಟೋ ಜನ ಅಸಾಧಾರಣ ಪ್ರತಿಭಾವಂತರು. ಹೀಗಾಗಿ ಸಿಇಟಿ, ಕಾಮೆಡ್‌ಕೆ, ಜೆಇಇ ಅರ್ಜಿಗಳನ್ನು ತಪ್ಪದೆ ಹಾಕಿ. ಸೀಟು ಸಿಗದೆಯೂ ಇರಬಹುದೆಂಬುದನ್ನು ತಂದೆತಾಯಿಗೂ ಮೊದಲೇ ತಿಳಿಸಿ, ನೆಂಟರಿಷ್ಟರಿಗೆ ಸುದ್ದಿ ಹಬ್ಬಿಸುವುದು ಬೇಡವೆನ್ನಿ. ಎರಡನೇ ಸುತ್ತಿನ ಫಲಿತಾಂಶ ಸಾಮಾನ್ಯವಾಗಿ ಮಾರ್ಚ್ 14ರ ಸಂಜೆ ಬರುತ್ತದೆ, ನಮ್ಮಲ್ಲಿ ಆಗ ಮರುದಿನ ಬೆಳಗಿನ ಜಾವ. ದ್ವಿತೀಯ ಪಿಯು ಪರೀಕ್ಷೆಯ ಕಾಲವೂ ಅದೇ. ಅಂದು ಪರೀಕ್ಷೆಯಿದ್ದರೆ ಅಲಾರಾಂ ಇಟ್ಟು ಏಳಬೇಡಿ, ಪರೀಕ್ಷೆ ಬರೆದು ಬಂದು ಊಟ ಮಾಡಿ ನೋಡಿ. ಸೀಟು ಸಿಕ್ಕಿದ್ದರೆ ಒಪ್ಪಿಗೆ ತಿಳಿಸಲು ಹಲವು ವಾರಗಳ ಸಮಯವಿರುತ್ತದೆ. ಆಮೇಲೆ ಕಾಲೇಜಿನಿಂದ ಐ-20 ಪತ್ರ ಪಡೆದು ಎಫ್-1 ವೀಸಾಕ್ಕೆ ಅರ್ಜಿ ಹಾಕಬೇಕು. ಪಿಯು ಅಂತಿಮ ಅಂಕಪಟ್ಟಿಯನ್ನೂ ಅಲ್ಲಿಗೆ ಕಳಿಸಬೇಕಾಗುತ್ತದೆ, ಆದ್ದರಿಂದ ಉಳಿದ ಪತ್ರಿಕೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಿರಿ.