ದೂರದ ಗಣಕಜಾಲ: ತಂತಿಯೋ, ನಿಸ್ತಂತುವೋ?

ಕೇಂದ್ರ ಕಚೇರಿ, ಕಾರ್ಖಾನೆ ಹಾಗೂ ಗೋದಾಮುಗಳ ಗಣಕಯಂತ್ರಗಳನ್ನು ಜೋಡಿಸುವ ಮಾಧ್ಯಮಗಳು ಎರಡು ಬಗೆಯವು: ತಂತಿಸಹಿತ ಮತ್ತು ನಿಸ್ತಂತು.

ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ಸಂಕೇತವು ಕ್ಷೀಣಿಸುತ್ತದೆ. ದೂರದ ಸಂಪರ್ಕಕ್ಕೆ ಆಪ್ಟಿಕಲ್ ಫೈಬರ್ ಕೇಬಲ್ಲೇ ಸೂಕ್ತ. ಇದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ ಸಾಗುತ್ತದೆ, ಕಾರ್ಖಾನೆಯ ವಿದ್ಯುತ್ ಯಂತ್ರಗಳು ಇದನ್ನು ಬಾಧಿಸುವುದಿಲ್ಲ. ಆದರೆ ರಸ್ತೆ ಅಗೆಯುವಾಗ ಇದು ತುಂಡಾಗಬಹುದು.

ನಿಸ್ತಂತು ಮಾಧ್ಯಮಗಳಲ್ಲಿ ಮೈಕ್ರೋವೇವ್‌ಗೆ ಎರಡು ಗೋಪುರಗಳ ನಡುವೆ ಅಡೆತಡೆಯಿಲ್ಲದ ನೇರ ದೃಷ್ಟಿರೇಖೆ ಅವಶ್ಯ. ವಿ-ಸ್ಯಾಟ್ ಕುಗ್ರಾಮಕ್ಕೂ ತಲುಪುತ್ತದೆ. ಆದರೆ ಸಂಕೇತವು 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಹಾಯಬೇಕಾದ್ದರಿಂದ ಉತ್ತರ ಮರಳಲು ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ.

2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರತಳದ ಎರಡು ಕೇಬಲ್‌ಗಳು ತುಂಡಾಗಿ ಭಾರತದ ಅಂತರಜಾಲ ಸೇವೆಯೂ ಕುಂಠಿತವಾಯಿತು. ಕೇಬಲ್ ಎರಡಿದ್ದರೂ ಹಾದಿ ಹತ್ತಿರವಿದ್ದರೆ ರಕ್ಷಣೆಯಿಲ್ಲವೆಂಬುದೇ ಇದರ ಪಾಠ.

ಆದ್ದರಿಂದ ಇಬ್ಬರು ಸೇವಾದಾರರಿಂದ ಸಂಪರ್ಕ ಪಡೆದರೂ, ಅವರ ಕೇಬಲ್‌ಗಳು ಒಂದೇ ಕಂದಕದಲ್ಲಿದ್ದರೆ ಅದನ್ನು ಒಂದೇ ಸಂಪರ್ಕವೆಂದು ಎಣಿಸತಕ್ಕದ್ದು. ಫೈಬರ್ ಮುಖ್ಯ ಸಂಪರ್ಕವಾಗಿರಲಿ, ನಿಸ್ತಂತು ಪರ್ಯಾಯವಾಗಿರಲಿ. ಮೊಬೈಲ್ ಗೋಪುರಕ್ಕೂ ಅದೇ ಫೈಬರ್ ಆಧಾರವಾಗಿರಬಹುದಾದ್ದರಿಂದ, ಕರಾರಿಗೆ ಸಹಿ ಹಾಕುವ ಮುನ್ನ ಹಾದಿಯ ವಿವರವನ್ನು ಲಿಖಿತವಾಗಿ ಪಡೆಯಬೇಕು.

ಪರ್ಯಾಯ ಸಂಪರ್ಕದ ಮಾಸಿಕ ಬಾಡಿಗೆ ದುಬಾರಿಯೆನಿಸಬಹುದು. ಜಾಲ ಕಡಿದು ಬೀಜಕ, ಇ-ವೇ ಬಿಲ್‌ಗಳು ತಡವಾಗಿ, ಸರಕು ತುಂಬಿದ ಲಾರಿ ಒಂದು ದಿನ ನಿಂತರೆ ಆಗುವ ನಷ್ಟದೊಡನೆ ಅದನ್ನು ತೂಗಿ ನೋಡಿಯೇ ನಿರ್ಧರಿಸುವುದು ಉಚಿತ.