ಕಾರಿನ ಎ.ಸಿ. ತಣ್ಣಗಾಗದಿದ್ದರೆ: ಗ್ಯಾಸ್ ತುಂಬಿಸುವ ಮೊದಲು ನೋಡಬೇಕಾದುದು



ಕಾಫಿ ಅಡಿಕೆಯ ಪತ್ರಿಕೆಯಲ್ಲಿ ಕಾರಿನ ಎ.ಸಿ.ಯ ವಿಚಾರವೇಕೆ ಎಂದು ತಾವು ಕೇಳಬಹುದು. ಮಲೆನಾಡಿನವರಿಗೆ ಅದೊಂದು ಶೋಕಿ ಎಂದೇ ನಾನೂ ಬಹುಕಾಲ ತಿಳಿದಿದ್ದೆ. ಎರಡು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಆ ತಿಳಿವಳಿಕೆ ಬದಲಾಯಿತು. ಗಾಜುಗಳನ್ನೆಲ್ಲ ಏರಿಸಿದ್ದೆವು. ನಾಲ್ವರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಮಸುಕಾಯಿತು. ಎ.ಸಿ. ಹಾಕಿದರೆ ಬಂದುದು ಬರಿಯ ಹಸಿ ಗಾಳಿ. ತಿರುವಿನಲ್ಲಿ ಎದುರಾದ ಲಾರಿ ಕಂಡದ್ದು ತೀರ ಹತ್ತಿರ ಬಂದ ಮೇಲೆ. ದೈವಕೃಪೆಯಿಂದ ಪಾರಾದೆವು. ಅದೇ ಎ.ಸಿ.ಗೆ ಮಾರ್ಚಿ ತಿಂಗಳಲ್ಲಷ್ಟೇ ಹಣ ಕೊಟ್ಟು ಗ್ಯಾಸ್ ತುಂಬಿಸಿದ್ದೆ.

ಎ.ಸಿ. ಯಂತ್ರ ಹುಟ್ಟಿದ್ದೇ ತೇವದ ತೊಂದರೆಯಿಂದ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯಾಗಿ ಕೂಡುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲಿಸ್ ಕ್ಯಾರಿಯರ್ ಎಂಬ ಇಂಜಿನಿಯರು ಇದನ್ನು ರೂಪಿಸಿದರು. ಗಾಜಿನ ಮಸುಕು ತೆಗೆಯುವುದೂ ಇದೇ ಗುಣದಿಂದ.

ಕೆಲಸ ಮಾಡುವ ಬಗೆ

ಸೂಜಿ ಚುಚ್ಚುವ ಮೊದಲು ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುವುದಷ್ಟೆ? ದ್ರವವು ಆವಿಯಾಗುವಾಗ ಶಾಖವನ್ನು ಹೀರುತ್ತದೆ. ನಮ್ಮ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸು ದ್ರವರೂಪದಲ್ಲಿದ್ದಾಗ, ಸಾಧಾರಣ ವಾಯು ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಇವಾಪೊರೇಟರಿನಲ್ಲಿ ಅದು ಆವಿಯಾಗಿ ಒಳಗಿನ ಗಾಳಿಯನ್ನು ತಂಪಾಗಿಸುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಇದು ಮುಚ್ಚಿದ ಸುತ್ತು. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಬೇಗನೆ ಕಡಿಮೆಯಾಯಿತೆಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ.

ಬೋರ್ಡೋ ಸಿಂಪಡಿಸುವಾಗ ಗೊನೆಗೆ ದ್ರಾವಣ ತಲುಪದಿದ್ದರೆ ನಾವು ಮೈಲುತುತ್ತವನ್ನು ಹೆಚ್ಚಿಸುವುದಿಲ್ಲ. ನಾಜಲ್ ಕಟ್ಟಿದೆಯೇ, ಪೈಪು ಒಡೆದಿದೆಯೇ ಎಂದು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

1. ಗಾಳಿಯೇ ಕಡಿಮೆ ಬರುತ್ತಿದೆಯೇ? ಹಲವು ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಗಾಳಿಯ ಫಿಲ್ಟರ್ ಇರುತ್ತದೆ. ಮರದಡಿ ನಿಲ್ಲುವ ನಮ್ಮ ವಾಹನಗಳಲ್ಲಿ ಅದು ತರಗೆಲೆ, ಧೂಳಿನಿಂದ ತುಂಬಿರುತ್ತದೆ. ತೆಗೆದು ನೋಡಿ, ಕೊಳೆಯಾಗಿದ್ದರೆ ಬದಲಿಸಿ.

2. ಗಾಳಿ ಜೋರಾಗಿದ್ದರೂ ತಣ್ಣಗಿಲ್ಲವೇ? ಉಷ್ಣತೆಯ ಗುಂಡಿ ತಣ್ಣನೆಯ ಕಡೆಗೇ ಇದೆಯೇ ನೋಡಿ. ಎ.ಸಿ. ಒತ್ತಿದಾಗ ಕಂಪ್ರೆಸರಿನಿಂದ ‘ಟಕ್’ ಎಂಬ ಸದ್ದು ಬರಬೇಕು. (ಕೆಲವು ಹೊಸ ಕಾರುಗಳಲ್ಲಿ ಕ್ಲಚ್ ಇಲ್ಲದ ಕಾರಣ ಈ ಸದ್ದು ಇರುವುದಿಲ್ಲ.) ಬಾರದಿದ್ದರೆ ಇಂಜಿನ್ ನಿಲ್ಲಿಸಿ ಫ್ಯೂಸ್ ನೋಡಿ. ವೈರುಗಳನ್ನು ಇಲಿ ಕಡಿದಿರುವುದೂ ಉಂಟು. ಗ್ಯಾಸು ತೀರ ಕಡಿಮೆಯಾದರೂ ಕಂಪ್ರೆಸರ್ ಶುರುವಾಗದು.

3. ಓಡುವಾಗ ತಂಪಾಗಿದ್ದು ನಿಂತಾಗ ಬಿಸಿಯಾದರೆ, ಮುಂದಿನ ಫ್ಯಾನು ತಿರುಗುತ್ತಿಲ್ಲ ಅಥವಾ ಕಂಡೆನ್ಸರ್ ಕೆಸರಿನಿಂದ ಮುಚ್ಚಿದೆ ಎಂಬ ಅನುಮಾನ ಮೊದಲು ಬರಬೇಕು. ಇಂಜಿನ್ ಆರಿದ ಮೇಲೆ ಸಾಧಾರಣ ಪೈಪಿನ ನೀರಿನಿಂದ ನಿಧಾನವಾಗಿ ತೊಳೆಯಿರಿ. ಸ್ಪ್ರೇ ಪಂಪಿನ ಒತ್ತಡದ ನೀರು ಬೇಡ. ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

4. ಮೊದಲು ತಂಪಾಗಿ, ಅರ್ಧ ಗಂಟೆಯ ನಂತರ ಗಾಳಿ ಕುಗ್ಗಿ, ಎ.ಸಿ. ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋದರೆ, ಒಳಗೆ ಮಂಜುಗಡ್ಡೆ ಕಟ್ಟುತ್ತಿರಬಹುದು.

5. ಪೈಪಿನ ಜೋಡಣೆಯಲ್ಲಿ ಎಣ್ಣೆಯ ಕಲೆ ಇದ್ದರೆ ಸೋರಿಕೆಯ ಗುರುತು. ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಹೊರಬರುತ್ತದೆ. ಕಾರಿನಡಿ ತೊಟ್ಟಿಕ್ಕುವ ಶುದ್ಧ ನೀರು ಮಾತ್ರ ದೋಷವಲ್ಲ, ಎ.ಸಿ. ತೇವ ತೆಗೆಯುತ್ತಿದೆ ಎಂಬುದರ ಲಕ್ಷಣ.

ಗ್ಯಾಸಿನ ಪೈಪುಗಳನ್ನು ಮಾತ್ರ ತಾವೇ ಬಿಚ್ಚಬಾರದು. ಒತ್ತಡದಿಂದ ಚಿಮ್ಮುವ ಗ್ಯಾಸು ಚರ್ಮ, ಕಣ್ಣುಗಳನ್ನು ಹೆಪ್ಪುಗಟ್ಟಿಸಬಲ್ಲದು. ಅಗ್ಗವೆಂದು ಅಡಿಗೆ ಅನಿಲ ತುಂಬಿಸುವುದೂ ಬೆಂಕಿಯೊಡನೆ ಸರಸ.

ವರ್ಕ್‌ಶಾಪಿನಲ್ಲಿ ಕೇಳಬೇಕಾದುದು

ಮೊದಲು ನೈಟ್ರೋಜನ್ ತುಂಬಿಸಿ ಸೋರಿಕೆ ನೋಡಿಸಿ. ಸೋರಿಕೆ ಸರಿಪಡಿಸಿದ ಬಳಿಕ ವ್ಯಾಕ್ಯೂಮ್ ಮಾಡಿಸಿ. ಗ್ಯಾಸನ್ನು ಅಂದಾಜಿನಲ್ಲಿ ಹಾಕಿಸದೆ, ಬಾನೆಟ್ಟಿನಡಿಯ ಚೀಟಿಯಲ್ಲಿರುವಷ್ಟೇ ತೂಗಿ ಹಾಕಿಸಿ. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ. ನನ್ನ ಕಾರಿನಲ್ಲಿ ಕೊನೆಗೆ ಸಿಕ್ಕಿದ್ದು ಕಂಡೆನ್ಸರಿಗೆ ಕಲ್ಲು ಸಿಡಿದು ಆದ ಸೂಜಿಮೊನೆಯಷ್ಟು ತೂತು. ಮಾರ್ಚಿಯಲ್ಲಿ ಅದನ್ನು ಯಾರೂ ಹುಡುಕಲಿಲ್ಲ, ಹುಡುಕಿರೆಂದು ನಾನೂ ಹೇಳಲಿಲ್ಲ.

ಮಳೆಗಾಲದಲ್ಲಿ ಗಾಜು ಮಸುಕಾದರೆ ಎ.ಸಿ. ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಾಳಿ ಒಳಬರುವಂತೆ ಇಡಿ. ಚಳಿಯೆನಿಸಿದರೆ ಉಷ್ಣತೆ ಏರಿಸಿದರೂ ತೇವ ಹೋಗುತ್ತದೆ. ಮುಂಗಾರಿಗೆ ಮುನ್ನ ಗೊನೆಗೆ ಕೊಟ್ಟೆ ಕಟ್ಟಿಸುವಷ್ಟೇ ಮರೆಯದೆ ಈ ಪರೀಕ್ಷೆಯನ್ನೂ ಮಾಡಿಕೊಳ್ಳಬೇಕಾಗಿ ವಿನಂತಿ.

— ಕಾರ್ಯದರ್ಶಿ