ಗರ್ಜಿಸುವ ವಾದ್ಯವೃಂದದ ತೆರೆಮರೆಯ ದಿನಚರಿ

ಒಂದು ಸೋಮವಾರ ಬೆಳಗ್ಗೆ ಪ್ರಯೋಗಶಾಲೆಯಲ್ಲಿ ಸೋನೋಮೀಟರಿನ ತಂತಿಯನ್ನು ಶ್ರುತಿಗೂಡಿಸುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬನು ಪದೇ ಪದೇ ತಪ್ಪುತ್ತಿದ್ದನು. ಕಾರಣವನ್ನು ಕೇಳಲಾಗಿ, “ಶನಿವಾರ ರಾತ್ರಿ ಮೆಟಲ್ ಕಚೇರಿಗೆ ಹೋಗಿದ್ದೆ ಸಾರ್. ಅಂದಿನಿಂದ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುತ್ತಿದೆ” ಎಂದನು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದನು: “ಒಂದು ರಾತ್ರಿಗೇ ನನಗೆ ಹೀಗಾದರೆ, ತಿಂಗಳುಗಟ್ಟಲೆ ಊರೂರು ತಿರುಗಿ ನುಡಿಸುವ ಅವರ ಕಿವಿ ಹೇಗೆ ಉಳಿದಿದೆ?” ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ವೇದಿಕೆಯ ಮುಂದೆ ನಿಂತರೆ ಸಾಲದು; ಅದರ ಹಿಂಬದಿಗೆ ಹೋಗಬೇಕಾಗುತ್ತದೆ.

ರಾಕ್ ಸಂಗೀತದಿಂದ ಕವಲೊಡೆದ ಮೆಟಲ್ ಪ್ರಕಾರದಲ್ಲಿ ಅತ್ಯುಗ್ರವೆನ್ನಿಸಿಕೊಂಡ ಶಾಖೆಗಳಿವೆ. ಅತಿ ಮಂದ್ರಸ್ಥಾಯಿಯ ಗಿಟಾರುಗಳು, ಕೋವಿಯ ಸುರಿಮಳೆಯಂತಹ ಡ್ರಮ್ಮುಗಳು, ಪದಗಳನ್ನು ಗುರುತಿಸಲಾಗದಂತಹ ಗರ್ಜನೆ, ಇವು ಅವುಗಳ ಲಕ್ಷಣ. ಇದು ಸಂಗೀತವೇ ಎಂದು ಕೇಳುವ ಹಿರಿಯರು ನಮ್ಮ ಮನೆಯಲ್ಲಿಯೂ ಉಂಟು. ಆ ವಾದವನ್ನು ಇಲ್ಲಿ ಎತ್ತುವುದಿಲ್ಲ. ಉದಾಹರಣೆಗೆ ನಾವು ಸ್ವೀಡನ್ ದೇಶದ ಮೆಶುಗಾ ಎಂಬ ತಂಡವನ್ನು ಆರಿಸಿಕೊಂಡಿದ್ದೇವೆ. ಉತ್ತರ ಸ್ವೀಡನ್ನಿನ ಉಮಿಯೊ ನಗರದಲ್ಲಿ ೧೯೮೭ರಲ್ಲಿ ಹುಟ್ಟಿದ ಈ ತಂಡದ ಲಯವಿನ್ಯಾಸವು ಅತಿ ಜಟಿಲವಾದುದು. ಭೌತವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯದು.

ಯೂರೋಪಿನಲ್ಲಿ ಇಂತಹ ತಂಡಗಳ ಸಂಚಾರವೆಲ್ಲ ಬಹುಮಟ್ಟಿಗೆ ರಾತ್ರಿಯ ಬಸ್ಸಿನಲ್ಲಿ. ರೈಲಿನ ಶಯನಪಟ್ಟಿಗಳಂತೆ ಒಂದರ ಮೇಲೊಂದು ಹಾಸಿಗೆಗಳಿರುತ್ತವೆ. ಅಲ್ಲಿ ಒಂದು ಕಟ್ಟುಪಾಡುಂಟು: ಮಲಗುವವರು ಕಾಲನ್ನು ಬಸ್ಸಿನ ಮುಂಭಾಗಕ್ಕೆ ಚಾಚಿ ಮಲಗತಕ್ಕದ್ದು. ಚಾಲಕನು ಥಟ್ಟನೆ ಬ್ರೇಕು ಹಾಕಿದಾಗ ದೇಹವು ಜಡತ್ವದಿಂದ ಮುಂದಕ್ಕೆ ಜಾರುತ್ತದೆ. ತಲೆಯ ಬದಲು ಪಾದಗಳು ಗೋಡೆಗೆ ತಾಗಲೆಂಬುದೇ ಇದರ ಉದ್ದೇಶ. ನ್ಯೂಟನ್ನನ ಮೊದಲನೆಯ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರು ನಮ್ಮ ತರಗತಿಗಳಲ್ಲಿಯೂ ವಿರಳ! ಯೂರೋಪಿನ ಒಕ್ಕೂಟದ ಕಾನೂನಿನಂತೆ ಚಾಲಕನು ಸಾಮಾನ್ಯವಾಗಿ ದಿನಕ್ಕೆ ೯ ಗಂಟೆಗಿಂತ ಹೆಚ್ಚು ಕಾಲ ವಾಹನ ನಡೆಸುವಂತಿಲ್ಲ. ಆದಕಾರಣ ಇಂದಿನ ಊರಿಗೂ ನಾಳೆಯ ಊರಿಗೂ ಇರಬಹುದಾದ ದೂರವನ್ನು ವಾದಕರಿಗಿಂತ ಚಾಲಕನ ನಿದ್ರೆಯೇ ಹೆಚ್ಚಾಗಿ ನಿರ್ಣಯಿಸುತ್ತದೆ.

ಬೆಳಗ್ಗೆ ಸಭಾಂಗಣದ ಹಿಂಬಾಗಿಲಿನಲ್ಲಿ ಪೆಟ್ಟಿಗೆಗಳು ಇಳಿಯುತ್ತವೆ. ಅವುಗಳಲ್ಲಿ ಮೊದಲು ತೆರೆಯುವಂಥವುಗಳಲ್ಲಿ ಗಿಟಾರುಗಳ ಪೆಟ್ಟಿಗೆಯೂ ಒಂದು. ಹೊಸ ಊರಿನ ಉಷ್ಣತೆಗೆ ಅವು ಹೊಂದಿಕೊಳ್ಳಬೇಕು. ಸಾಧಾರಣ ಗಿಟಾರಿಗೆ ಆರು ತಂತಿಗಳು. ಅತಿ ಮಂದ್ರವಾದುದರ ಕಂಪನಸಂಖ್ಯೆ ಸೆಕೆಂಡಿಗೆ ಸುಮಾರು ೮೨. ಮೆಶುಗಾ ತಂಡದ ಗಿಟಾರಿಗೆ ಎಂಟು ತಂತಿಗಳು. ಕಟ್ಟಕಡೆಯದು ಸೆಕೆಂಡಿಗೆ ಸುಮಾರು ೪೪ ಬಾರಿ ಮಾತ್ರ ಕಂಪಿಸುತ್ತದೆ. ತಂತಿಯ ಉದ್ದವೂ ತೂಕವೂ ಬದಲಾಗದಿದ್ದರೆ ಕಂಪನಸಂಖ್ಯೆಯು ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ವಾಚಕರು ಓದಿರಬಹುದು. ಹಾಗಾದರೆ ೮೨ರಿಂದ ೪೪ಕ್ಕೆ ಇಳಿಸಲು ಬಿಗಿತವನ್ನು ನಾಲ್ಕನೆಯ ಒಂದು ಪಾಲಿನ ಆಸುಪಾಸಿಗೆ ತರಬೇಕಾಗುತ್ತದೆ. ಅಷ್ಟು ಸಡಿಲವಾದ ತಂತಿ ನಾದ ಕೊಡುವುದಿಲ್ಲ. ಬಟ್ಟೆ ಒಣಹಾಕುವ ಹಗ್ಗದಂತೆ ತೂಗಾಡುತ್ತದೆ. ಇದಕ್ಕೆ ಉಪಾಯ ಎರಡು: ತಂತಿಯನ್ನು ದಪ್ಪಗೊಳಿಸುವುದು, ಇಲ್ಲವೆ ಉದ್ದಗೊಳಿಸುವುದು. ಈ ತಂಡಕ್ಕಾಗಿ ಇಬಾನೆಜ್ ಸಂಸ್ಥೆಯವರು ಮಾಡಿದ ಗಿಟಾರಿನಲ್ಲಿ ತಂತಿಯ ಮಿಡಿಯುವ ಭಾಗದ ಉದ್ದ ಸುಮಾರು ೭೪೭ ಮಿಲಿಮೀಟರು. ಸಾಧಾರಣ ಗಿಟಾರಿನಲ್ಲಿ ಅದು ಸುಮಾರು ೬೪೮. ಈ ತೊಡಕು ಬರಿಯ ಲೆಕ್ಕದ್ದಲ್ಲ. ೨೦೦೨ರ ‘ನಥಿಂಗ್’ ಎಂಬ ಧ್ವನಿಮುದ್ರಿಕೆಯ ಕಾಲದಲ್ಲಿ ಅವರಿಗೆ ಒದಗಿದ ಎಂಟು ತಂತಿಯ ಗಿಟಾರುಗಳು ಶ್ರುತಿಯಲ್ಲಿ ನಿಲ್ಲದೆ, ಏಳು ತಂತಿಯವುಗಳನ್ನೇ ಇಳಿಸಿ ನುಡಿಸಬೇಕಾಯಿತು. ೨೦೦೬ರಲ್ಲಿ ಗಿಟಾರುಗಳನ್ನು ಮತ್ತೆ ನುಡಿಸಿ ಅದನ್ನು ಹೊಸದಾಗಿ ಹೊರತಂದರು.

ಗಿಟಾರಿನ ಒರಟು ನಾದವು ತಂತಿಯಲ್ಲಿ ಹುಟ್ಟುವುದಲ್ಲ. ವರ್ಧಕ ಯಂತ್ರಕ್ಕೆ ಅದು ತಾಳಲಾರದಷ್ಟು ಪ್ರಬಲವಾದ ಸಂಕೇತವನ್ನು ಕೊಟ್ಟರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹೀಗೆ ಆಕಾರಗೆಟ್ಟ ಅಲೆಯಲ್ಲಿ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಉಪಸ್ವರಗಳು ಧಾರಾಳವಾಗಿ ಬೆರೆಯುತ್ತವೆ. ಹಿಂದೆ ಇದಕ್ಕೆ ಗಾಜಿನ ವಾಲ್ವುಗಳ ಭಾರವಾದ ವರ್ಧಕಗಳೂ ಆಳೆತ್ತರದ ಧ್ವನಿವರ್ಧಕ ಪೆಟ್ಟಿಗೆಗಳೂ ಬೇಕಾಗಿದ್ದವು. ಮೆಶುಗಾ ತಂಡದವರು ಅವುಗಳನ್ನು ಕೈಬಿಟ್ಟು, ಅದೇ ವಿಕಾರವನ್ನು ಗಣಿತದಿಂದ ಅನುಕರಿಸುವ ಸಣ್ಣ ಗಣಕಯಂತ್ರಗಳನ್ನು ಹಿಡಿದರು. ಸಾಗಣೆಯ ಹೊರೆ ಕಡಮೆಯಾಯಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಪರಿಣಾಮವನ್ನು ಮುಂದೆ ನೋಡೋಣ.

ಮಧ್ಯಾಹ್ನ ಧ್ವನಿಪರೀಕ್ಷೆ. ಒಂದೊಂದು ಡ್ರಮ್ಮನ್ನೂ ಪ್ರತ್ಯೇಕವಾಗಿ ಬಾರಿಸುತ್ತ ಕಳೆಯುವ ಈ ಹೊತ್ತು ನೋಡುವವರಿಗೆ ಬೇಸರ ತರಿಸುವುದು ನಿಜ. ಆದರೆ ಖಾಲಿ ಸಭಾಂಗಣವೂ ತುಂಬಿದ ಸಭಾಂಗಣವೂ ಒಂದೇ ಅಲ್ಲ. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್ ಎಂಬ ಭೌತವಿಜ್ಞಾನಿಗೆ, ಮಾತೇ ಅರ್ಥವಾಗದಂತಹ ಒಂದು ಉಪನ್ಯಾಸಮಂದಿರವನ್ನು ಸರಿಪಡಿಸುವ ಕೆಲಸ ಬಂತು. ಆತನು ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿಯ ಹೊತ್ತು ತಂದು ಹರಡಿ, ಆರ್ಗನ್ನಿನ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ಶಬ್ದ ಅಡಗಲು ಹಿಡಿಯುವ ಕಾಲವನ್ನು ಅಳೆದನು. ಆ ಪ್ರಯೋಗಗಳಿಂದ ಬಂದ ಸೂತ್ರ ಇದು: ಅನುರಣನಕಾಲವೆಂದರೆ ೦.೧೬ × ಮಂದಿರದ ಘನಗಾತ್ರ ÷ ಒಟ್ಟು ಹೀರಿಕೆ. ೩೦ ಮೀಟರು ಉದ್ದ, ೨೦ ಮೀಟರು ಅಗಲ, ೮ ಮೀಟರು ಎತ್ತರದ ಒಂದು ಸಭಾಂಗಣವನ್ನು ಊಹಿಸಿಕೊಳ್ಳಿ. ಅದರ ಗೋಡೆ, ನೆಲ, ಛಾವಣಿಗಳ ಹೀರಿಕೆ ಒಟ್ಟು ೩೨೦ ಚದರ ಮೀಟರಿಗೆ ಸಮವೆಂದಿಟ್ಟುಕೊಂಡರೆ ಅನುರಣನಕಾಲ ೨.೪ ಸೆಕೆಂಡು. ಒಬ್ಬೊಬ್ಬರಿಗೆ ಅರ್ಧ ಚದರ ಮೀಟರಿನಂತೆ ಸಾವಿರ ಜನ ಬಂದು ನಿಂತೊಡನೆ ಅದು ಒಂದು ಸೆಕೆಂಡಿಗಿಂತ ಕೆಳಗಿಳಿಯುತ್ತದೆ. ಎಂದರೆ ಮಧ್ಯಾಹ್ನ ಶಬ್ದಯೋಜಕನು ಕೇಳುವ ಗೊಂದಲದ ಹೆಚ್ಚಿನ ಭಾಗವನ್ನು ರಾತ್ರಿ ಶ್ರೋತೃಗಳೇ ಹೀರಿಕೊಂಡುಬಿಡುತ್ತಾರೆ! ಮಂದ್ರಸ್ವರಗಳನ್ನು ಮಾತ್ರ ಜನರ ಮೈ ಅಷ್ಟಾಗಿ ಹೀರದು. ೪೪ ಕಂಪನಗಳ ಸ್ವರದ ಅಲೆಯುದ್ದ ಎಂಟು ಮೀಟರಿನ ಸಮೀಪವಿದೆ. ಇದೇ ಶಬ್ದಯೋಜಕನ ನಿತ್ಯದ ತಲೆನೋವು.

ಏಕೆಂದರೆ ಈ ಸಂಗೀತದ ಜೀವವಿರುವುದು ಹೊಡೆತದಿಂದ ಹೊಡೆತ ಬಿಡಿಬಿಡಿಯಾಗಿ ಕೇಳುವುದರಲ್ಲಿ. ಮೆಶುಗಾ ತಂಡದ ೨೦೦೮ರ ‘ಬ್ಲೀಡ್’ ಎಂಬ ರಚನೆಯಲ್ಲಿ ಟೋಮಾಸ್ ಹಾಕೆ ಎರಡು ಕಾಲುಗಳಿಂದಲೂ ದೊಡ್ಡ ಡ್ರಮ್ಮನ್ನು ಬಾರಿಸುತ್ತಾನೆ. ಅತಿ ಶೀಘ್ರವಾದ ಎರಡು ಹೊಡೆತಗಳ ನಡುವಣ ಅವಧಿ ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗ. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ಸಾಗುವುದು ಸುಮಾರು ೨೩ ಮೀಟರು. ಸಭಾಂಗಣದ ಆ ದೂರದಲ್ಲಿ ಕುಳಿತ ಶಬ್ದಯೋಜಕನ ಕಿವಿಗೆ ಒಂದು ಹೊಡೆತ ಮುಟ್ಟುವಾಗ ಹಾಕೆ ಮುಂದಿನದನ್ನು ಬಾರಿಸಿರುತ್ತಾನೆ. ಅದೇ ಶಬ್ದ ೩೦ ಮೀಟರಿನಾಚೆಯ ಗೋಡೆಗೆ ಬಡಿದು ವೇದಿಕೆಗೆ ಮರಳುವಷ್ಟರಲ್ಲಿ ಎರಡೂವರೆ ಹೊಡೆತಗಳ ಕಾಲ ಸಂದಿರುತ್ತದೆ. ಆ ಪ್ರತಿಧ್ವನಿಯನ್ನು ನಂಬಿ ನುಡಿಸಿದರೆ ತಾಳ ಕೆಟ್ಟಿತೆಂದೇ ತಿಳಿಯಿರಿ. ಹಿಂದಿನ ತಂಡಗಳು ಇದಕ್ಕೆ ಕಂಡುಕೊಂಡಿದ್ದ ಪರಿಹಾರವೊಂದೇ: ವೇದಿಕೆಯ ಮೇಲಿನ ಶಬ್ದವನ್ನು ಪ್ರತಿಧ್ವನಿಗಿಂತ ಜೋರು ಮಾಡುವುದು. ಕಿವಿಗಳು ಹಾಳಾದುದು ಅಲ್ಲಿಯೇ.

ಈಗ ರೂಢಿಯಲ್ಲಿರುವ ಉಪಾಯ ಬೇರೆ. ವಾದಕನ ಕಿವಿಯನ್ನು ಬಿಗಿಯಾಗಿ ಮುಚ್ಚುವ ಒಂದು ಪುಟ್ಟ ಶ್ರವಣಿಕೆಯೊಳಗೆ, ಅವನಿಗೆ ಬೇಕಾದ ವಾದ್ಯಗಳನ್ನೂ ತಾಳದ ಟಿಕ್ ಟಿಕ್ ಸದ್ದನ್ನೂ ರೇಡಿಯೋ ಅಲೆಗಳ ಮೂಲಕವೋ ತಂತಿಯ ಮೂಲಕವೋ ಮುಟ್ಟಿಸುತ್ತಾರೆ. ಗೋಡೆಗೆ ಹೋಗಿಬರುವ ವಿಳಂಬ ಅಲ್ಲಿಲ್ಲ. ವರ್ಧಕದ ಪೆಟ್ಟಿಗೆಗಳೂ ಇಲ್ಲವಾದ ಮೇಲೆ, ಶ್ರೋತೃಗಳ ಎದೆ ನಡುಗಿಸುವ ತಂಡದ ವೇದಿಕೆಯ ಮೇಲೆ ಡ್ರಮ್ಮುಗಳನ್ನೂ ಗಾಯಕನ ಕಂಠವನ್ನೂ ಬಿಟ್ಟರೆ ಸ್ವಂತ ಶಬ್ದ ಅಲ್ಪವೇ! ಆದರೂ ಶ್ರವಣಿಕೆಯ ಧ್ವನಿಯನ್ನು ಏರಿಸುತ್ತ ಹೋದರೆ ಲಾಭವೆಲ್ಲ ಕೊಚ್ಚಿಹೋಗುತ್ತದೆ, ಕಾವಲುಗಾರನೇ ಕಳ್ಳನಾದಂತೆ.

ಅಪಾಯದ ಲೆಕ್ಕ ಸರಳವಾಗಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಶಿಫಾರಸಿನಂತೆ ೮೫ ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ೮ ಗಂಟೆ ಇರಬಹುದು. ೩ ಡೆಸಿಬೆಲ್ ಏರಿದರೆ ಶಬ್ದಶಕ್ತಿ ಎರಡರಷ್ಟಾಗುವುದರಿಂದ ಅವಧಿ ಅರ್ಧವಾಗಬೇಕು: ೮೮ಕ್ಕೆ ೪ ಗಂಟೆ, ೯೧ಕ್ಕೆ ೨, ಹೀಗೆಯೇ ಸಾಗಿ ೧೦೦ಕ್ಕೆ ಕೇವಲ ೧೫ ನಿಮಿಷ. ಮೆಟಲ್ ಕಚೇರಿಗಳಲ್ಲಿ ೧೦೦ ಡೆಸಿಬೆಲ್ ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ, ಇಂತಹ ಸ್ಥಳಗಳಲ್ಲಿ ಹದಿನೈದು ನಿಮಿಷಗಳ ಸರಾಸರಿ ೧೦೦ ಡೆಸಿಬೆಲ್ ಮೀರಬಾರದೆಂದು ಮಾನದಂಡವನ್ನು ಹೊರಡಿಸಿತು. ನಮ್ಮ ಒಳಗಿವಿಯ ಶಂಖದಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಸುಮಾರು ಹದಿನೈದು ಸಾವಿರ ಮಾತ್ರ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟದು. ೨೦೧೬ರಲ್ಲಿ ಎಸಿ/ಡಿಸಿ ಎಂಬ ಪ್ರಸಿದ್ಧ ರಾಕ್ ತಂಡದ ಗಾಯಕ ಬ್ರಯನ್ ಜಾನ್ಸನ್, ಪೂರ್ಣ ಕಿವುಡಿನ ಭಯವಿದೆಯೆಂದು ವೈದ್ಯರು ಎಚ್ಚರಿಸಿದ್ದರಿಂದ ಸಂಚಾರವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ನಮ್ಮ ವಿದ್ಯಾರ್ಥಿಯ ಕಿವಿಯ ಮೊರೆತ ಬುಧವಾರ ನಿಂತಿತು. ಅವನು ಗುಣವಾಯಿತೆಂದು ಸಂತೋಷಪಟ್ಟನು. ಆದರೆ ೨೦೦೯ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಎಂಬ ವಿಜ್ಞಾನಿಗಳು ಇಲಿಗಳನ್ನು ಪರೀಕ್ಷಿಸಿದಾಗ, ಗದ್ದಲದ ನಂತರ ಶ್ರವಣಶಕ್ತಿ ಮೊದಲಿನಂತಾದರೂ ರೋಮಕೋಶಗಳನ್ನು ನರಕ್ಕೆ ಕೂಡಿಸುವ ಕೊಂಡಿಗಳಲ್ಲಿ ಹಲವು ಶಾಶ್ವತವಾಗಿ ಕಳಚಿಹೋಗಿದ್ದವು. ಇದನ್ನು ತಿಳಿಸಿದ ಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಈಗ ಅವನ ಜೇಬಿನಲ್ಲಿ ೨೦ ಡೆಸಿಬೆಲ್ ತಗ್ಗಿಸುವ ಒಂದು ಜೊತೆ ಕಿವಿಬಿರಡೆಗಳಿರುತ್ತವೆ. ಅವುಗಳನ್ನು ತೊಟ್ಟು ಮತ್ತೊಂದು ಕಚೇರಿಗೆ ಹೋಗಿಬಂದವನು, ಡ್ರಮ್ಮಿನ ಹೊಡೆತಗಳು ಹಿಂದಿಗಿಂತ ಬಿಡಿಯಾಗಿ ಕೇಳಿಸಿದವೆಂದು ವಿಸ್ಮಯದಿಂದ ಹೇಳಿದನು. ವಿಸ್ಮಯಕ್ಕೆ ಕಾರಣವಿಲ್ಲ. ಒಳಗಿವಿಯೂ ಒಂದು ವರ್ಧಕವೇ. ತಾಳಲಾರದಷ್ಟು ಶಬ್ದ ಬಂದಾಗ ಅಲೆಯ ಆಕಾರ ಅಲ್ಲಿಯೂ ಕೆಡುತ್ತದೆ. “ಹಾಗಾದರೆ ಅವರು ಬೇಕೆಂದು ಗಿಟಾರಿನಲ್ಲಿ ಕೆಡಿಸಿದ್ದನ್ನು ನಾನು ಬೇಡದೆಯೇ ಕಿವಿಯಲ್ಲಿ ಇನ್ನೊಮ್ಮೆ ಕೆಡಿಸಿಕೊಳ್ಳುತ್ತಿದ್ದೆನೇ ಸಾರ್?” ಎಂದು ಕೇಳಿದನು. ಹೌದೆಂದೆವು.